ಹಿಂಭಾರ

ಟೆಮುಕಾದ ಅಂಗಳದಲ್ಲಿ ಇನ್ನೂ ಕತ್ತಲು.
ಎರುವೆರಾ ಬಗ್ಗಿ, ಕೊಂಡಿಯ ಬಟ್ಟಲನ್ನು ಗುಂಡಿನ ಮೇಲಿಳಿಸಿ
ಚಿಲಕ ಹಾಕಿ, ಮತ್ತೆ ಜಾಕಿ ತಿರುವಿ ಎತ್ತಿ ನೋಡಿದ.
ಕಾರಿನ ಬೆನ್ನೂ ಜೊತೆಗೆ ಎದ್ದಿತು. ಹಾಗಾದರೆ ಕಚ್ಚಿದೆ.
ಸರಪಳಿ ಎರಡನ್ನೂ ಅಡಿಯಿಂದ ಅಡ್ಡಡ್ಡ ಹಾಯಿಸು, ಎಂದ.
ಕೊಂಡಿ ಜಾರಿದ ದಿನ
ಮೂಕಿ ಟಾರಿಗೆ ಮೂತಿ ಗುದ್ದಬಾರದು,
ಸರಪಳಿ ತೊಟ್ಟಿಲಾಗಿ ಹಿಡಿಯಬೇಕು.

ಅಮ್ಮನ ಎರಡನೆಯ ಗಂಡ.
ಮೂವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು.
ಅರ್ಧ ತುಂಬಿದ ಹಾಲು ತಿರುವಿನಲ್ಲಿ
ಹೇಗೆ ಮಗ್ಗುಲು ಬದಲಿಸುತ್ತದೆಂದು ಬೆನ್ನಿನಿಂದ ಬಲ್ಲವನು.
ನಾನು ಅಪ್ಪ ಎಂದಿಲ್ಲ, ಅವನು ಕೇಳಿಲ್ಲ.

ಆಶ್‌ಬರ್ಟನ್ನಿನಲ್ಲಿ ಅವನು ಪೈ ಕೊಳ್ಳಲು ಹೋದಾಗ
ನಾಲ್ಕು ಚೀಲ ಐಸು ಕೊಂಡೆ.
ಜಾಗಕ್ಕೆಂದು ಲಂಗರನ್ನೂ ಪೆಟ್ರೋಲ್ ಕ್ಯಾನುಗಳನ್ನೂ ಹಿಂದಕ್ಕೆ ತಳ್ಳಿ
ಎಲ್ಲ ಮೋಟಾರಿನ ಬುಡಕ್ಕೇ ಒಟ್ಟಿದೆ.
ಹೇಳಲಿಲ್ಲ. ಅವನು ತಿಂದು, ಟೋಪಿ ಕಣ್ಣಿಗೆಳೆದು ಮಲಗಿದ.

ರಕಾಯಾ ಸೇತುವೆ ನೆಟ್ಟಗೆ, ಮುಗಿಯುವುದೇ ಇಲ್ಲ.
ಕೆಳಗೆ ಬೂದು ಜಲ್ಲಿಯ ಮೇಲೆ ನದಿ
ಹೆಣೆದು ಬಿಚ್ಚಿ, ಬಿಚ್ಚಿ ಹೆಣೆದ ಜಡೆ.
ಬೆಟ್ಟದ ಮೇಲೆ ಮೋಡ ಬಿಲ್ಲಾಗಿ ಬಾಗಿದಾಗಲೇ ತಿಳಿಯಬೇಕಿತ್ತು.
ವಾಯವ್ಯದ ಬಿಸಿಗಾಳಿ ಅವನ ಕಡೆಯ ಕಿಟಕಿಗೆ ಹೆಗಲು ಕೊಟ್ಟಿತು.

ಕನ್ನಡಿಯಲ್ಲಿ ‘ಕೊತುಕು’ ಬಾಲ ಆಡಿಸಿತು.
ಒಮ್ಮೆ, ನಾಯಿ ಆಡಿಸಿದಷ್ಟು.
ಇನ್ನೊಮ್ಮೆ, ಈಗ ಕಾರಿನ ಬಾಲವನ್ನೂ ಹಿಡಿದುಕೊಂಡು.
ಎದುರಿಗೆ ಕುರಿ ತುಂಬಿದ ಲಾರಿ.
ನನ್ನ ಕಾಲು ಬ್ರೇಕಿನ ಮೇಲಿತ್ತು, ಇನ್ನೂ ಒತ್ತಿರಲಿಲ್ಲ.

ಟೋಪಿಯ ಅಡಿಯಿಂದ:
ಬೇಡ.
ಕಾಲು ತೆಗೆ. ಸ್ಟೀರಿಂಗ್ ನೆಟ್ಟಗೆ ಹಿಡಿ.
ಅದಕ್ಕೇ ಸುಸ್ತಾಗಲಿ.

ತೊಂಬತ್ತು. ಎಂಬತ್ತು.
ಕುರಿಗಳ ವಾಸನೆ ನನ್ನ ಕಿವಿಯ ಪಕ್ಕ ಬಡಿದು ಹೋಯಿತು.
ಅರವತ್ತಕ್ಕೆ ಬರುವಷ್ಟರಲ್ಲಿ ದೋಣಿ
ಅತ್ತು ದಣಿದ ಮಗುವಿನ ಹಾಗೆ ಸುಮ್ಮನೆ ಹಿಂದೆ ಬಂತು.

ಆಚೆ ದಡದಲ್ಲಿ ನಿಲ್ಲಿಸಿದೆ. ಮಂಡಿ ನಡುಗುತ್ತಿತ್ತು.
ಅವನು ಗಾಲಿಯ ಗುಂಬಕ್ಕೆ ಕೈಯ ಹಿಂಬದಿ ತಾಕಿಸಿದ,
ಒಂದು, ಆಮೇಲೆ ಆ ಕಡೆಯದು. ಉಗುರುಬೆಚ್ಚಗೆ, ಪರವಾಗಿಲ್ಲ.
ನನಗೆ ಎಂಟು ವರ್ಷ, ಕೆಪ್ಪಟೆ ಬಾವು, ಅವನು ಮನೆಗೆ ಬಂದು ಮೂರೇ ವಾರ.
ಹಣೆಗೆ ಬಂದದ್ದು ಇದೇ ಕೈ, ಇದೇ ಹಿಂಬದಿ.

ಹೊದಿಕೆ ಎತ್ತಿದ. ಐಸು ನೋಡಿದ. ನನ್ನನ್ನು ನೋಡಲಿಲ್ಲ.
ಇಬ್ಬರೂ ಒಂದೊಂದೇ ಚೀಲ ಮುಂದಕ್ಕೆ ಸಾಗಿಸಿದೆವು.
ಹತ್ತರಲ್ಲೊಂದು ಪಾಲು ಮೂಕಿಗೆ ಬೇಕು, ಎಂದ.
ಹಿಂಭಾರದ ಬಂಡಿ ಎಳೆಯುವವರನ್ನೇ ಎತ್ತುತ್ತದೆ.

ಅಕರೋವಾದ ಇಳಿಜಾರಿನಲ್ಲಿ ಆರು ಕಾರು ಸಾಲು.
ಹಿಂದಕ್ಕೆ ಬಿಡುವಾಗ ಎರಡು ಸಲ ಸೊಟ್ಟ.
ಕೈ ಸ್ಟೀರಿಂಗಿನ ಬುಡದಲ್ಲಿಡು,
ದೋಣಿ ಎತ್ತ ಹೋಗಬೇಕೋ ಕೈಯೂ ಅತ್ತ.
ಮೂರನೆಯದಕ್ಕೆ ಸರಿಯಾಯಿತು, ಗಾಲಿ ನೀರಿನ ಅಂಚಿಗೆ ಬಂತು,
ನಾನು ಗೆದ್ದವಳಂತೆ ಬಾಗಿಲು ತೆರೆದೆ.

ಅವನು ಅಂಗೈ ಚಾಚಿ ನಿಂತಿದ್ದ.
ಅದರಲ್ಲಿ ಹಿತ್ತಾಳೆಯ ಬಿರಡೆ, ದೋಣಿಯ ತಳದ್ದು.
ಟೆಮುಕಾದಿಂದ ಅವನ ಜೇಬಿನಲ್ಲೇ ಬಂದದ್ದು, ಇನ್ನೂ ಬೆಚ್ಚಗಿತ್ತು.
ಕೇಳುತ್ತೀಯೇನೋ ಅಂತ ಕಾದೆ, ಎಂದ.

ಮಂಡಿಯೂರಿ ಬಿರಡೆ ತಿರುವತೊಡಗಿದೆ.
ಹಿಂದಿನವನು ಹಾರ್ನ್ ಹೊಡೆದ.
ಹೊಡೆಯಲಿ.