ನೋಟಿನ ಬೆನ್ನ ಮೇಲಿನ ದೋಣಿ

ಅಪ್ಪನ ಕೋಟಿನ ಒಳಜೇಬಲ್ಲಿ ಸಿಕ್ಕಿದ್ದು
ಹಳೇ ಹತ್ತು ರೂಪಾಯಿ ನೋಟು.
ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ ಈಗ.
ಅದರ ಬೆನ್ನ ಮೇಲೊಂದು ಹಾಯಿದೋಣಿ
ಗಾಳಿ ತುಂಬಿಕೊಂಡು ಎತ್ತಲೋ ಹೊರಟಿದೆ.
ನನ್ನ ಹತ್ತಿರ ಇರುವ ನಕ್ಷೆ ಅಷ್ಟೇ.

ನೋಟಿನಲ್ಲಿ ಕಾಣುವುದು ಒಂದೇ ಮಗ್ಗುಲು,
ಆಚೆಯದನ್ನು ನಾನೇ ಊಹಿಸಬೇಕು.
ತಳವೋ ನೀರಿನೊಳಗೆ.
ಅದನ್ನು ಸರ್ಕಾರವೂ ಅಚ್ಚು ಹಾಕಿಸಿಲ್ಲ.

ಶ್ರೀನಿವಾಸಪುರದ ಮಂಡಿಗೆ ಮೂವತ್ತೊಂದು ಸುಗ್ಗಿ
ಮಾವಿನ ಪೆಟ್ಟಿಗೆ ಹೊಡೆದು ಕೊಟ್ಟ ಕೈ ಇದು.
ಪೆಟ್ಟಿಗೆಗೆ ಸಂದು ಬಿಡಬೇಕು,
ಇಲ್ಲದಿದ್ದರೆ ಬಾದಾಮಿ ಬೆವೆತು ಕೊಳೆಯುತ್ತದೆ.
ಹಲಗೆ ಹಲಗೆಯ ನಡುವೆ ಒಂದು ಬೆರಳು ಗಾಳಿ,
ನಾನು ಕಲಿತ ವಿದ್ಯೆಯೆಲ್ಲ ಆ ಬೆರಳಿನಷ್ಟು.
ನೀಲಿ ಪ್ಲಾಸ್ಟಿಕ್ ಕ್ರೇಟು ಬಂದ ವರ್ಷ
ಸುತ್ತಿಗೆ ಮೊಳೆ ಎರಡೂ ಅಟ್ಟಕ್ಕೆ ಹೋದವು.

ದೋಣಿಗೆ ಸಂದು ಕೂಡದು,
ಕೂದಲೆಳೆಯಷ್ಟೂ.
ಕೈಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ,
ಕತ್ತಲಾದ ಮೇಲೆ ಅದು ತನ್ನಷ್ಟಕ್ಕೆ
ಒಂದು ಬೆರಳು ಬಿಟ್ಟು ಮೊಳೆ ಹುಡುಕುತ್ತದೆ.

ಹಲಸಿನ ಹಲಗೆ ಬಾಗಲಿಲ್ಲ.
ಒತ್ತಿದರೆ ಸೀಳಿತು, ಎರಡು ಹೋದವು.
ಆಂಜಿನಮ್ಮ ಒಲೆ ಮುಂದಿನಿಂದಲೇ ಅಂದಳು,
‘ಕಡುಬು ಬೇಯಿಸೋದು ಗೊತ್ತಿಲ್ವಾ?’
ಮದುವೆ ಅಡುಗೆಯವರ ಕೊಪ್ಪರಿಗೆ ಬಾಡಿಗೆಗೆ ತಂದು
ಗೋಣಿ ಹೊದಿಸಿ ಹಬೆಯಲ್ಲಿ ಮಲಗಿಸಿದೆವು.
ಮೂರನೇ ತಾಸಿಗೆ ಹಲಗೆ
ಎಣ್ಣೆ ಹಚ್ಚಿಸಿಕೊಂಡ ಕೂಸಿನ ಬೆನ್ನಿನ ಹಾಗೆ
ಮೆಲ್ಲಗೆ ಒಲಿದು ಬಂತು.
ಮನೆಯೆಲ್ಲ ತೊಳೆ ಬಿಡಿಸಿದ ಹಣ್ಣಿನ ವಾಸನೆ.

ಸಂದಿಗೆ ತುರುಕಲು ಹತ್ತಿ ಬೇಕಿತ್ತು.
ನನ್ನ ದಿಂಬು ಈಗ ದೋಣಿಯ ಪಕ್ಕೆಲುಬಲ್ಲಿದೆ,
ಮೇಲೆ ರಾಳ, ಗೇರೆಣ್ಣೆ.

ಕಂಬಕ್ಕೆ ನೀಲಗಿರಿ.
ಈ ಸೀಮೆಯಲ್ಲಿ ಬೇರೇನು ನೆಟ್ಟಗಿದೆ ಹೇಳಿ?
ಕೆರೆಯಂಗಳದ ಪಸೆಯೆಲ್ಲ ಹೀರಿ
ಹದಿನೆಂಟಡಿ ಬೆಳೆದ ಗಳ.
‘ಕುಡಿದ ಕಡೆಗೇ ವಾಪಸು ಕಳಿಸ್ತಿದೀಯ, ಬಿಡು’ ಎಂದ
ಹಾಯಿ ಹೊಲಿಯುತ್ತಿದ್ದ ಛತ್ರಿ ರಿಪೇರಿಯ ಖಲಂದರ್.
ಹಾಯಿ ಎಂದರೆ ಹನ್ನೆರಡು ಕರಿ ಛತ್ರಿ, ಒಂದು ಹೂವಿನದು.

ಒಣಗಿ ಸೊಟ್ಟಗಾಗದಿರಲೆಂದು
ಬೆಳಕಿಂಡಿಯಲ್ಲಿ ತೂರಿಸಿ ನಿಲ್ಲಿಸಿದೆ ಗಳವನ್ನು.
ಚಪ್ಪಡಿ ಮನೆಗೆ ಕೊಂಬು ಮೂಡಿತೆಂದು ಬೀದಿ ಮಕ್ಕಳು.
ಮರುದಿನ ನೋಡಿದರೆ ಕೇಬಲ್ಲಿನ ಹುಡುಗ
ಹೇಳದೆ ಕೇಳದೆ ತನ್ನ ವೈರು ಬಿಗಿದು ಹೋಗಿದ್ದ.
ಇರಲಿ ಎಂದುಕೊಂಡೆ,
ನಾಲ್ಕು ಮನೆಯ ಸುದ್ದಿ ಓಡಾಡಲಿ ಅದರ ಮೇಲೆ.

ಪರೀಕ್ಷೆಗೆ ಕೆರೆ ತನಕ ಯಾಕೆ?
ಟ್ಯಾಂಕರಿನಿಂದ ಎಂಟು ಬಿಂದಿಗೆ
ದೋಣಿಯ ಒಳಗೇ ಹುಯ್ದೆ.
ಒಳಗೆ ನೀರು, ಸುತ್ತ ನಡುಮನೆ.
ಮೂರು ಕಡೆ ತೊಟ್ಟಿಕ್ಕಿತು.
ಬೈಯುತ್ತಲೇ ಅವಳು
ಚೊಂಬು, ಬೋಸಿ, ಹಾಲಿನ ಪಾತ್ರೆ ಇಟ್ಟಳು.
ರಾತ್ರಿಯೆಲ್ಲ ಮೂರು ದನಿ,
ಒಂದಕ್ಕೊಂದು ತಾಳ ಕೂಡದೆ.
ಬೆಳಗಿನ ಜಾವ ಹಾಲಿನ ಪಾತ್ರೆ ಸುಮ್ಮನಾಯಿತು, ಆಮೇಲೆ ಬೋಸಿ.
ಹಲಸು ನೀರು ಕುಡಿದು ಉಬ್ಬಿ
ತನ್ನ ಬಾಯಿ ತಾನೇ ಮುಚ್ಚಿಕೊಂಡಿತ್ತು.
ಚೊಂಬು ಮಾತ್ರ ಇನ್ನೂ ಆಗಾಗ ಒಂದು ಮಾತು.

ಆಚೆ ಕೆರೆ ತುಂಬಿ ಎರಡು ವರ್ಷ.
ಬೆಂಗಳೂರು ಮಿಂದ ನೀರು, ಸೋಸಿ ಕಳಿಸಿದ್ದಂತೆ.
ನೋಟಿನ ದೋಣಿಗೆ ಸಮುದ್ರವಿತ್ತು,
ನನ್ನದಕ್ಕೆ ಇದು.

ಹೊರಗೆ ಸಾಗಿಸೋಣವೆಂದು ಟೇಪು ಹಿಡಿದೆ.
ದೋಣಿ ನಾಲ್ಕೂಕಾಲು ಅಡಿ,
ಬಾಗಿಲು ಮೂರೂವರೆ.
ಆಂಜಿನಮ್ಮ ಅವರೆಕಾಯಿ ಬಿಡಿಸುತ್ತ ಅಂದಳು,
‘ಮೊದಲ ದಿನವೇ ಮೊಳ ಹಾಕಿ ನೋಡಿದ್ದೆ.’
‘ಹೇಳಬಾರದಿತ್ತಾ?’
‘ಹೇಳಿದ್ರೆ ಚಿಕ್ಕದು ಮಾಡ್ತಿದ್ದೆ ನೀನು.’

ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.
ಹಾರೆ ಕೇಳಲು ಪಕ್ಕದ ಮನೆಗೆ ಹೊರಟೆ.