ಸೊನ್ನೆಯಲ್ಲ, ಖಾಲಿ

ಮಂಗೋಚಿಯಲ್ಲಿ ಕರೆಂಟು ಹೋಗುವುದು ಆರಕ್ಕೆ.
ಅಷ್ಟರೊಳಗೆ ಇವತ್ತಿನ ಸಾಲುಗಳನ್ನು ಮುಗಿಸಬೇಕು.
ಐದು ಸಾವಿರದ ಇನ್ನೂರ ಎಂಟು ಮಕ್ಕಳು,
ಒಂದರ ಮುಖವೂ ನನಗೆ ಗೊತ್ತಿಲ್ಲ.
ಗೊತ್ತಿರುವುದು ತೂಕ, ತೊಡೆ ಎಡವೋ ಬಲವೋ,
ಸೂಜಿ ಹಾಕಿದ ಮೂರನೆಯ ದಿನದ ಜ್ವರ,
ಬಿಂದುವಿನ ಆಚೆಗೆ ಒಂದೇ ಒಂದು ಅಂಕಿ.

ಕೆಲಸಕ್ಕೆ ಸೇರಿದ ವಾರ ಮುದುಕ ಚಿಸಾಲೆ ಹೇಳಿದ್ದ:
"ತೆಂವಾ, ಸೊನ್ನೆ ಬೇರೆ, ಖಾಲಿ ಬೇರೆ.
ಸೊನ್ನೆ ಅಂದರೆ ಯಾರೋ ಅಲ್ಲಿಗೆ ಹೋಗಿ
ಬಾಗಿಲು ತಟ್ಟಿ, ಕೇಳಿ,
ಏನೂ ಇಲ್ಲ ಅನ್ನಿಸಿಕೊಂಡು ಬಂದಿದ್ದಾರೆ.
ಖಾಲಿ ಅಂದರೆ ಯಾರೂ ಹೋಗಿಲ್ಲ.
ಖಾಲಿ ಮನೆಯಲ್ಲಿ ಸೊನ್ನೆ ಸುತ್ತುವವನಿಗೆ
ತಾನು ಸುಳ್ಳು ಹೇಳಿದೆ ಅಂತಲೂ ತಿಳಿಯುವುದಿಲ್ಲ."
ಹೇಳಿ, ಹಲ್ಲಿನ ಸಂದಿಯ ಮೀನುಮುಳ್ಳು ಕೀಳುತ್ತ ಕೂತ.

ಇವತ್ತು ನಾಲ್ಕೂವರೆಗೆ, ಸಾಲು ೨೯೧೪.
ಎರಡನೆಯ ಲಸಿಕೆ: ಆಗಸ್ಟ್ ಆರು.
ಆದದ್ದು: ಫಿಟ್ಸು.
ಆದ ತಾರೀಕು: ೭/೮.
ಹಳೆಯ ಟ್ಯಾಬುಗಳು ದಿನವನ್ನು ಮುಂದಿಡುತ್ತವೆ,
ಹೋದ ತಿಂಗಳು ಬಂದ ಹೊಸವು ತಿಂಗಳನ್ನು.
ಒಂದು ಥರ ಓದಿದರೆ ಸೂಜಿಗಿಂತ ಎಷ್ಟೋ ಮೊದಲು,
ಜುಲೈಯಲ್ಲೇ ನಡೆದುಹೋದ ಸಂಗತಿ, ನಮಗೆ ಸಂಬಂಧವಿಲ್ಲ.
ಇನ್ನೊಂದು ಥರ ಓದಿದರೆ
ಸೂಜಿಯ ಮಾರನೆಯ ದಿನ.

ಯಾವುದು ನಿಜವಾಗಲಿ ಅಂತ ನನಗೆ ಆಸೆಯಿತ್ತು.
ಆ ಆಸೆಯೇ ಈ ಕೆಲಸದ ರೋಗ.
ರುಂಫಿಯ ನಮ್ಮ ಓಣಿಯಲ್ಲಿ
ನನ್ನ ತಮ್ಮ ಮಲೇರಿಯಾದಲ್ಲಿ ಹೋದ, ನಾಲ್ಕು ವರ್ಷ.
ಯಾವ ಪಟ್ಟಿಯಲ್ಲೂ ಅವನಿಲ್ಲ.
ಯಾರೂ ಬಂದು ಕೇಳಲಿಲ್ಲ.
ಅವನು ಖಾಲಿ.

ತ್ವಾಯಿಬುಗೆ ಫೋನು ಮಾಡಿದೆ.
ಬೈಕಿಗೆ ಪೆಟ್ರೋಲಿಲ್ಲ, ನಾಳೆ ಹೋಗುತ್ತೇನೆ ಅಂದ.
ಇವತ್ತು ಅಂದೆ.
ಬೈದ. ಹೋದ.

ಐದೂ ನಲವತ್ತಕ್ಕೆ ಅವನ ದನಿ, ಹಿಂದೆ ಸರೋವರದ ಗಾಳಿ:
ತಾಯಿ ಹಿಟ್ಟಿನ ಡಬ್ಬದೊಳಗಿಂದ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆರೋಗ್ಯದ ಪುಸ್ತಕ ತೆಗೆದಳಂತೆ.
ಜೋಳದ ಹಿಟ್ಟು ಕೊಡವಿ, ಹದಿನಾಲ್ಕನೆಯ ಪುಟ.
ನರ್ಸು ತಿಂಗಳನ್ನು ಅಕ್ಷರದಲ್ಲೇ ಬರೆದಿದ್ದಾಳೆ, ಅವಳ ಕೈಗೆ ಪುಣ್ಯ ಬರಲಿ:
ಆಗಸ್ಟ್.

ನನ್ನ ಆಸೆ ಅಲ್ಲಿಗೆ ಮುಗಿಯಿತು.

"ಎಲ್ಲೋ ದೂರ ಕೂತ ಹೆಂಗಸಿಗೆ
ನನ್ನ ಮಗಳ ಫಿಟ್ಸು ಹೇಗೆ ಗೊತ್ತಾಯಿತು
ಅಂತ ಕೇಳುತ್ತಿದ್ದಾಳೆ, ಏನು ಹೇಳಲಿ?" ಅಂದ.
ಏನು ಹೇಳಬೇಕೋ ತಿಳಿಯಲಿಲ್ಲ.
ಮಗು ಈಗ ಹೇಗಿದೆ ಅಂತ ಕೇಳಿದೆ.
ನಮೂನೆಯಲ್ಲಿ ಆ ಪ್ರಶ್ನೆಗೆ ಮನೆಯಿಲ್ಲ.
"ಅಫಿಕಿಯಾ? ಒಣಮೀನಿನ ಚಾಪೆ ಕಾಯುತ್ತಿದ್ದಾಳೆ,
ಕಾಗೆಗಳಿಗಿಂತ ಜೋರು ಇವಳದೇ ಗಂಟಲು."

ಅವಳು ಅ ಗುಂಪೋ ಬ ಗುಂಪೋ ನನಗೆ ಗೊತ್ತಿಲ್ಲ.
ತೊಡೆಗೆ ಹೋದದ್ದು ಲಸಿಕೆಯೋ ಬೇರೆ ಮದ್ದೋ,
ಆ ಲಕೋಟೆ ಇರುವುದು ಲಿಲಾಂಗ್ವೆಯ ಮೂವರ ಬಳಿ.
ಸೂಜಿಯಿಲ್ಲದೆಯೂ ಜ್ವರಕ್ಕೆ ಫಿಟ್ಸು ಬರುವ ಮಕ್ಕಳುಂಟು,
ಅದೆಷ್ಟು ಅನ್ನುವುದನ್ನೂ ಯಾರೋ ಒಬ್ಬರು
ಬಾಗಿಲು ತಟ್ಟಿಯೇ ಎಣಿಸಿರಬೇಕು.
ಎಲ್ಲ ಕೂಡಿಸಿ ತೂಗುವ ಕೆಲಸ ಅವರದು.
ನನ್ನದು ತಕ್ಕಡಿಗೆ ಬೆರಳು ತಾಗಿಸದಿರುವುದು.

ತಿದ್ದಿದೆ: ಆಗಸ್ಟ್ ಏಳು.
ಯಾಕೆ ತಿದ್ದಿದೆ, ಯಾರು ನೋಡಿ ಹೇಳಿದರು,
ಎಷ್ಟು ಗಂಟೆಗೆ, ಎಲ್ಲ ಬರೆದೆ.
ಕೆಂಪು ಗುರುತು ಹಾಕಿ ಕಳಿಸಿದೆ.

ಆರು. ಫ್ಯಾನು ನಿಂತಿತು.
ಬ್ಯಾಟರಿಯ ನೀಲಿ ಬೆಳಕಿನಲ್ಲಿ ಸಾಲು ೨೯೧೫:
ಮೂರನೆಯ ದಿನದ ಜ್ವರ, ಖಾಲಿ.
ತ್ವಾಯಿಬು ಇನ್ನೂ ದಾರಿಯಲ್ಲಿರಬಹುದು.
ಫೋನೆತ್ತಿಕೊಂಡೆ.
ಮತ್ತೆ ಬೈಯುತ್ತಾನೆ.