ಟ್ಯಾಂಕಿನಿಂದ ಟ್ಯಾಂಕಿಗೆ

ಬೆಳಗಿನ ಐದೂವರೆಗೆ ಕೆರಗೋಡಿನ ಡೇರಿಯಲ್ಲಿ
ಕ್ಯಾನಿನಿಂದ ಕ್ಯಾನಿಗೆ ಲ್ಯಾಕ್ಟೋಮೀಟರ್ ಇಳಿಬಿಡುವವಳು ನಾನು.
ನೀರು ಬೆರೆತಿದ್ದರೆ ಅದು ಒಂದು ಗೆರೆ ಹೆಚ್ಚು ಮುಳುಗುತ್ತದೆ,
ಬಾಯಿ ಬಿಡುವುದಿಲ್ಲ.
ಇಪ್ಪತ್ತೆರಡು ವರ್ಷ ಆ ಗೆರೆಯನ್ನೇ ನಂಬಿ
ಎಷ್ಟೋ ಮನೆಗಳೊಡನೆ ಮಾತು ಬಿಟ್ಟಿದ್ದೇನೆ.

ಹೀಗಾಗಿ ಓಮ್ನಿಯ ಡ್ಯಾಶ್‌ಬೋರ್ಡಿನಲ್ಲೂ ಒಂದು ಪುಸ್ತಕ,
ನೂರು ಪುಟದ್ದು, ರಟ್ಟಿಗೆ ಗ್ರೀಸ್ ಹತ್ತಿದ್ದು.
ಕುತ್ತಿಗೆಮಟ್ಟ ತುಂಬಿಸು, ಓಡಿಸು, ಮತ್ತೆ ಕುತ್ತಿಗೆಮಟ್ಟ ತುಂಬಿಸು,
ಓಡಿದ್ದನ್ನು ಕುಡಿದದ್ದರಿಂದ ಭಾಗಿಸು.
ಹದಿನಾರು ಪಾಯಿಂಟ್ ಎರಡು. ಹದಿನಾರು ಪಾಯಿಂಟ್ ಒಂದು.
ಒಗ್ಗಿದ ಎಮ್ಮೆಯ ಹಾಗೆ, ದಿನಾ ಅಷ್ಟೇ.

ಹೋದ ವರ್ಷದಿಂದ ಹದಿನೈದು ಪಾಯಿಂಟ್ ಒಂದು.

ಟೈರಿನ ಗಾಳಿ ನೋಡಿದೆ. ಏರ್ ಫಿಲ್ಟರ್ ಬಡಿದೆ.
ಮುನೀರನ ಗ್ಯಾರೇಜಿನಲ್ಲಿ ಮೂರೂ ಪ್ಲಗ್ಗು ಬದಲಿಸಿದೆ.
ಕೊನೆಗೆ ನನ್ನ ಕಾಲನ್ನೇ ಅನುಮಾನಿಸಿ ಒಂದು ವಾರ
ಬರಿಗಾಲಲ್ಲಿ ಓಡಿಸಿದೆ, ಆಕ್ಸಿಲರೇಟರಿನ ಮೇಲೆ
ಮೊಟ್ಟೆ ಇಟ್ಟುಕೊಂಡವಳ ಹಾಗೆ.
ಹದಿನೈದು ಪಾಯಿಂಟ್ ಎರಡು.

ಬಂಕಿನ ಕೆಂಪರಾಜ ಪಕ್ಕದ ಪೈಪು ತೋರಿಸಿದ:
'ತೊಂಬತ್ತೈದು ಹಾಕ್ಸಿ ಮೇಡಂ, ಒಳ್ಳೆ ಪವರ್ರು,
ಏಳೆಂಟು ರೂಪಾಯಿ ಜಾಸ್ತಿ, ಅಷ್ಟೆಯ.'
ಎರಡು ಟ್ಯಾಂಕು ಹಾಕಿಸಿದೆ.
ಹದಿನೈದು ಪಾಯಿಂಟ್ ಎರಡು.

ಮುನೀರ್ ನಕ್ಕ: 'ಆ ನಂಬರು ಶಕ್ತಿದಲ್ಲ ಕಣಕ್ಕ, ತಾಳ್ಮೆದು.
ಒತ್ತಿದ್ರೂ ಹೊತ್ಗೆ ಮುಂಚೆ ಹತ್ಕೊಳಲ್ಲ ಅನ್ನೋ ಲೆಕ್ಕ.
ನಿಮ್ಮ ಹಳೇ ಓಮ್ನಿ ಯಾವತ್ತು ಅಷ್ಟು ಜೋರಾಗಿ ಒತ್ತೈತೆ?
ಗಾಣದೆತ್ತಿಗೆ ಬಾದಾಮಿ ತಿನ್ನಿಸ್ದಂಗೆ.'

ಮತ್ತೆ ಆ ಒಂದು ಕಿಲೋಮೀಟರು ಎಲ್ಲಿ ಹೋಯಿತು?

ಸ್ಪ್ಯಾನರಿನಲ್ಲೇ ರಸ್ತೆ ಕಡೆ ತೋರಿಸಿದ.
ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೈಲರು,
ಫ್ಯಾಕ್ಟರಿ ಕಡೆಗೆ ತೆವಳುತ್ತಿತ್ತು,
ಸ್ಕೂಲು ಬಿಟ್ಟ ಹುಡುಗರು ಒಂದೊಂದು ಜಲ್ಲೆ ಸೆಳೆಯುತ್ತ.

ಐದು ಲೀಟರಿನಲ್ಲಿ ಒಂದು ಲೀಟರು ಅದು.
ಸಕ್ಕರೆ ಬಸಿದ ಮೇಲೆ ಉಳಿದ ಕಾಕಂಬಿ
ಹುಳಿಬಂದು, ಕುದ್ದು, ಆವಿಯಾಗಿ,
ನೀರಿನಷ್ಟು ತಿಳಿಯಾಗಿ ಇಳಿದು ಬಂದದ್ದು.
ಪೆಟ್ರೋಲು ಮೂರು ಮೈಲಿ ನಡೆಯುವಲ್ಲಿ
ಅದು ಎರಡಕ್ಕೇ ಏದುಸಿರು ಬಿಡುತ್ತದಂತೆ.

ಕಲಬೆರಕೆ ಎಂದು ಬರೆಯಲು ಪೆನ್ನು ಎತ್ತಿದೆ.
ಡೇರಿಯಲ್ಲಾಗಿದ್ದರೆ ಕ್ಯಾನು ವಾಪಸು.
ಆದರೆ ಇದು ಕದ್ದು ಬೆರೆಸಿದ್ದಲ್ಲ, ಹೇಳಿಯೇ ಬೆರೆಸಿದ್ದು;
ಮೇಲಾಗಿ ಚಿಕ್ಕಂದಿನಲ್ಲಿ ಬದುವಿನ ಮೇಲೆ ಕೂತು
ನಾನೇ ಹಲ್ಲಿನಲ್ಲಿ ಸಿಗಿದು ಜಗಿದದ್ದು.
ಮೈದುನ ಜವರಪ್ಪ ಈ ಸಲ ಕಬ್ಬಿನ ಬಿಲ್ಲು
ಬೇಗ ಬಂತೆಂದು ಕೈಮ ತಂದು ಕೊಟ್ಟದ್ದೂ ನೆನಪಾಯಿತು.

ಟ್ಯಾಂಕಿಗೆ ಮೂವತ್ತು ಕಿಲೋಮೀಟರು.
ಅಂದರೆ ಮಂಡ್ಯದಿಂದ ಕೆರಗೋಡಿಗೆ ಹೋಗಿ ಬರುವಷ್ಟು,
ನನ್ನ ಒಂದು ಬೆಳಗು.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇವತ್ತು ಸಂಜೆ ಮತ್ತೆ ಅದೇ ಟ್ರೈಲರಿನ ಹಿಂದೆ
ಸೆಕೆಂಡ್ ಗೇರಿನಲ್ಲಿ, ಇದ್ದ ಮೈಲೇಜನ್ನೂ ಕೆಡಿಸಿಕೊಳ್ಳುತ್ತ
ಸಿಕ್ಕಿಕೊಂಡಿದ್ದೇನೆ. ಮುಂದೆ ತೂಗಾಡುತ್ತಿರುವುದು
ಬರುವ ತಿಂಗಳ ಪೆಟ್ರೋಲು, ಇನ್ನೂ ಸೋಗೆಯ ಸಮೇತ.

ಹಾರ್ನ್ ಹೊಡೆದೆ.
ಡ್ರೈವರ್ ಕೈ ಹೊರಚಾಚಿ ಅಲ್ಲಾಡಿಸಿದ:
ತಡ್ಕೊಳಿ.